ಬೇಸಿಗೆ ಶಿಬಿರದಲ್ಲಿ ಮೇಷ್ಟ್ರುಗಳ ಟ್ರಂಪೆಟ್ ಕಛೇರಿ: ಏನು ಕೇಳಬೇಕು, ಏನು ನೋಡಬೇಕು

ಟ್ರಂಪೆಟ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆ ಬ್ಯಾಂಡು, ಗಣೇಶನ ಮೆರವಣಿಗೆ, ಇಲ್ಲಾಂದ್ರೆ ದಸರಾ ಹೊತ್ತಿಗೆ ಮೈಸೂರು ಅರಮನೆ ಮುಂದೆ ನುಡಿಸುವ ಪೊಲೀಸ್ ಬ್ಯಾಂಡು. ಅದೆಲ್ಲ ಬಯಲಿನ ಸಂಗೀತ. ದೂರದವರಿಗೂ ಕೇಳಿಸಬೇಕು, ಅದಕ್ಕೇ ಜೋರಾಗಿ ನುಡಿಸುತ್ತಾರೆ. ಅದೇ ವಾದ್ಯವನ್ನು ಒಂದು ಚಿಕ್ಕ ಹಾಲ್‌ನಲ್ಲಿ, ಮೈಕ್ ಇಲ್ಲದೆ, ಜೊತೆಗೆ ಒಂದು ಪಿಯಾನೊ ಮಾತ್ರ ಇಟ್ಟುಕೊಂಡು ನುಡಿಸಿದರೆ ಹೇಗಿರುತ್ತದೆ ಅನ್ನುವುದನ್ನು ಬೆಂಗಳೂರಲ್ಲಿ ಕೇಳಿರುವವರು ಕಮ್ಮಿ. ಕೇಳಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಬೇಸಿಗೆ ಶಿಬಿರಗಳಲ್ಲಿ ಕಲಿಸುವವರೇ ಸೇರಿ ಒಂದು ಸಂಜೆ ಕಛೇರಿ ಕೊಡುತ್ತಾರಲ್ಲ, ಅದಕ್ಕೆ ಹೋಗಿ.

ಈ ಶಿಬಿರ ಅಥವಾ ಸೆಮಿನಾರ್ ಅನ್ನುವುದು ಹುಟ್ಟಿದ್ದಕ್ಕೆ ಕಾರಣ ಸರಳ. ಯುರೋಪ್, ಅಮೆರಿಕಗಳಲ್ಲಿ ಆರ್ಕೆಸ್ಟ್ರಾಗಳ ಕೆಲಸ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮೇ, ಜೂನ್ ತನಕ ನಡೆಯುತ್ತದೆ. ಬೇಸಿಗೆಯಲ್ಲಿ ವಾದಕರಿಗೆ ಬಿಡುವು, ಕಾಲೇಜುಗಳಿಗೂ ರಜೆ. ಆ ಬಿಡುವಿನಲ್ಲಿ ಒಂದೆರಡು ವಾರ ಎಲ್ಲರೂ ಒಂದೇ ಕಡೆ ಸೇರಿ ಕಲಿಯುವುದು, ಕಲಿಸುವುದು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಚೋಸನ್ ವೇಲ್ ಅನ್ನುವ ಹೆಸರಿನಲ್ಲಿ ಟ್ರಂಪೆಟ್‌ಗೆಂದೇ ಇಂಥದೊಂದು ಸೆಮಿನಾರ್ ಇದೆ. ನಮ್ಮಲ್ಲಿ ಶಾಲೆಯ ರಜೆ ಏಪ್ರಿಲ್, ಮೇ ಆದ್ದರಿಂದ ಶಿಬಿರಗಳೂ ಆಗಲೇ. ಬೆಳಿಗ್ಗೆ ಎಲ್ಲರೂ ಸೇರಿ ವಾರ್ಮಪ್. ಆಮೇಲೆ ಮಾಸ್ಟರ್‌ಕ್ಲಾಸ್, ಅಂದರೆ ಒಬ್ಬ ಹುಡುಗನೋ ಹುಡುಗಿಯೋ ಎದ್ದು ನಿಂತು ನುಡಿಸುವುದು, ಟೀಚರ್ ಎಲ್ಲರ ಮುಂದೆ ತಿದ್ದುವುದು, ಉಳಿದವರು ಕೂತು ಕೇಳುವುದು. ಮಧ್ಯಾಹ್ನ ಗುಂಪಿನಲ್ಲಿ ಅಭ್ಯಾಸ. ಸಂಜೆ ಕಛೇರಿ.

ನನ್ನ ಮಟ್ಟಿಗೆ ಇಡೀ ಶಿಬಿರದಲ್ಲಿ ಅತಿ ದೊಡ್ಡ ಪಾಠ ಆ ಸಂಜೆಯದೇ. ಯಾಕೆ ಅಂದರೆ, ಈ ಊರಲ್ಲಿ ಗಿಟಾರ್, ಕೀಬೋರ್ಡ್ ಹೇಳಿಕೊಡುವವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ, ಟ್ರಂಪೆಟ್ ಹೇಳಿಕೊಡುವವರನ್ನು ಹುಡುಕಬೇಕು, ಸಿಕ್ಕರೂ ವಾರಕ್ಕೊಂದು ಗಂಟೆ, ಉಳಿದ ದಿನವೆಲ್ಲ ಮಕ್ಕಳು ಮೊಬೈಲ್‌ನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ಮೊಬೈಲ್ ಸ್ಪೀಕರ್‌ನಲ್ಲಿ ರಾಗ ಸಿಗುತ್ತದೆ, ತಾಳ ಸಿಗುತ್ತದೆ. ನಾದ ಸಿಗುವುದಿಲ್ಲ. ತುಂಬಾ ಮೆಲ್ಲಗೆ ಶುರುವಾಗಿ ಹಾಲ್ ತುಂಬುವ ತನಕ ಒಂದೇ ಉಸಿರಿನಲ್ಲಿ ಬೆಳೆಯುವ ಒಂದು ಸ್ವರವನ್ನು ಎದುರಿಗೆ ಕೂತು ಕೇಳಿದ ಮಗುವಿಗೆ, ಮಾರನೆಯ ದಿನ ತಾನು ಯಾವ ನಾದಕ್ಕಾಗಿ ಕಷ್ಟಪಡಬೇಕು ಅನ್ನುವುದು ಗೊತ್ತಾಗಿರುತ್ತದೆ.

ಈಗ ವಾದ್ಯಕ್ಕೆ ಬರೋಣ. ಹೋದ ಬೇಸಿಗೆಯ ಒಂದು ಕಛೇರಿಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು, ಮೊಮ್ಮಗನ ಜೊತೆ ಬಂದಿದ್ದವರು, ಮೊದಲ ಕೃತಿ ಮುಗಿದ ಕೂಡಲೇ ಕೇಳಿದರು: "ಅಲ್ಲಪ್ಪಾ, ಇರೋದು ಮೂರೇ ಬಟನ್ನು. ಇಷ್ಟೊಂದು ಸ್ವರ ಎಲ್ಲಿಂದ ಬರ್ತವೆ?" ಅವರು ಸಂಗೀತ ಕಲಿತವರು, ಕೊಳಲಿನ ರಂಧ್ರಗಳ ಲೆಕ್ಕ ಗೊತ್ತಿರುವವರು. ಈ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿದರೆ ಟ್ರಂಪೆಟ್ ಅರ್ಧ ಅರ್ಥವಾದ ಹಾಗೆಯೇ.

ಮೊದಲನೆಯದು, ಟ್ರಂಪೆಟ್‌ನಲ್ಲಿ ಸದ್ದು ಹುಟ್ಟುವುದು ತುಟಿಯಲ್ಲಿ. ಮೌತ್‌ಪೀಸ್ ಒಳಗೆ ತುಟಿಗಳನ್ನು ಸೇರಿಸಿ ಊದಿದಾಗ ಅವು ಕಂಪಿಸುತ್ತವೆ. ಕೊಳವೆ ಆ ಕಂಪನದಲ್ಲಿ ತನಗೆ ಒಪ್ಪುವುದನ್ನಷ್ಟೇ ಎತ್ತಿ ಹಿಡಿಯುತ್ತದೆ. ಯಾವ ಬಟನ್ನೂ ಒತ್ತದೆ, ತುಟಿ ಮತ್ತು ಗಾಳಿಯ ಬಿಗಿ ಮಾತ್ರ ಬದಲಿಸುತ್ತಾ ಹೋದರೆ ಕೆಳಗಿನಿಂದ ಹೀಗೆ ಸಿಗುತ್ತದೆ: ಸ, ಪ, ಮೇಲಿನ ಸ, ಅದರ ಮೇಲೆ ಗ, ಪ, ಸ್ವಲ್ಪ ಇಳಿದಂತೆ ಕೇಳಿಸುವ ನಿ, ಮತ್ತೆ ತಾರ ಸ. ಮೆಟ್ಟಿಲು ಅಂದುಕೊಳ್ಳಿ. ಕೆಳಗೆ ಮೆಟ್ಟಿಲುಗಳ ನಡುವೆ ತುಂಬಾ ಅಂತರ, ಮೇಲೆ ಹೋದಂತೆಲ್ಲ ಹತ್ತಿರ ಹತ್ತಿರ. ಇಲ್ಲಿ ಮನುಷ್ಯರು ಮಾಡಿದ ಆಯ್ಕೆ ಏನೂ ಇಲ್ಲ, ಗಾಳಿ ತುಂಬಿದ ಕೊಳವೆಯ ಸ್ವಭಾವವೇ ಅದು.

ಎರಡನೆಯದು, ವಾಲ್ವ್, ಅಂದರೆ ಅಜ್ಜಿ ಹೇಳಿದ ಆ ಬಟನ್ನು. ಒಂದು ವಾಲ್ವ್ ಒತ್ತಿದರೆ ಗಾಳಿ ಇನ್ನೊಂದು ತುಂಡು ಕೊಳವೆಯನ್ನೂ ಸುತ್ತಿಕೊಂಡು ಹೋಗುತ್ತದೆ. ಕೊಳವೆ ಉದ್ದವಾದರೆ ಸ್ವರ ಇಳಿಯುತ್ತದೆ. ನಡುವಿನ ವಾಲ್ವ್ ಒಂದು ಸ್ವರಸ್ಥಾನ ಇಳಿಸುತ್ತದೆ, ಮೊದಲನೆಯದು ಎರಡು, ಮೂರನೆಯದು ಮೂರು. ಈಗ ಕೆಳಗಿನ ಸ ಮತ್ತು ಪ ನಡುವೆ ಏನೇನು ಬೇಕು ಎಣಿಸಿ. ಪ ಇಂದ ಕೆಳಗೆ ಬಂದರೆ ಪ್ರತಿ ಮಧ್ಯಮ, ಶುದ್ಧ ಮಧ್ಯಮ, ಅಂತರ ಗಾಂಧಾರ, ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಶುದ್ಧ ರಿಷಭ. ಒಟ್ಟು ಆರು. ಎರಡನೆಯ ವಾಲ್ವ್ ಒಂದೇ, ಮೊದಲನೆಯದು ಒಂದೇ, ಮೊದಲನೆಯದು ಮತ್ತು ಎರಡನೆಯದು, ಎರಡು ಮತ್ತು ಮೂರು, ಒಂದು ಮತ್ತು ಮೂರು, ಕೊನೆಗೆ ಮೂರೂ ಒಟ್ಟಿಗೆ. ಇದೂ ಸರಿಯಾಗಿ ಆರು! ಅತಿ ದೊಡ್ಡ ಅಂತರವೇ ತುಂಬಿದ ಮೇಲೆ ಮೇಲಿನ ಚಿಕ್ಕ ಅಂತರಗಳು ಲೆಕ್ಕಕ್ಕಿಲ್ಲ. ಮೂರೇ ವಾಲ್ವ್ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಅಜ್ಜಿ ಬೆರಳು ಮಡಚಿ ಎಣಿಸಿ ನೋಡಿ, ಮುಂದಿನ ಕೃತಿಯುದ್ದಕ್ಕೂ ವಾದಕರ ಬಲಗೈಯನ್ನೇ ನೋಡುತ್ತಿದ್ದರು.

ಆದರೆ ನಾನು ಎಲ್ಲರಿಗೂ ಎಡಗೈ ನೋಡಿ ಅನ್ನುತ್ತೇನೆ. ವಾದ್ಯ ಹಿಡಿದಿರುವ ಎಡಗೈಯ ಉಂಗುರದ ಬೆರಳು ಒಂದು ಪುಟ್ಟ ಲೋಹದ ಬಳೆಯೊಳಗೆ ಇರುತ್ತದೆ. ಆ ಬಳೆ ಮೂರನೆಯ ವಾಲ್ವಿನ ಸ್ಲೈಡ್‌ಗೆ, ಅಂದರೆ ಒಳಗೆ ಹೊರಗೆ ಜಾರುವ ಕೊಳವೆಯ ತುಂಡಿಗೆ, ಅಂಟಿಕೊಂಡಿದೆ. ಕೆಳಗಿನ ರಿಷಭ ಬಂದಾಗ ಆ ಬೆರಳು ಸ್ಲೈಡ್ ಅನ್ನು ಸರಕ್ಕನೆ ಹೊರಗೆ ತಳ್ಳುತ್ತದೆ, ಮುಗಿದ ಕೂಡಲೇ ಒಳಗೆ ಎಳೆದುಕೊಳ್ಳುತ್ತದೆ. ಇದರ ಹಿಂದೆ ಒಂದು ಚೆಂದದ ಲೆಕ್ಕ ಇದೆ. ಸಾಮಾನ್ಯ ಬಿ ಫ್ಲ್ಯಾಟ್ (ಅದು ಅದರ ಶ್ರುತಿಯ ಹೆಸರು) ಟ್ರಂಪೆಟ್‌ನ ಕೊಳವೆಯನ್ನು ನೇರ ಮಾಡಿದರೆ ಸುಮಾರು 148 ಸೆಂ.ಮೀ. ಬರುತ್ತದೆ. ಎರಡು ಸ್ವರಸ್ಥಾನ ಇಳಿಸಲು ಸುಮಾರು 18 ಸೆಂ.ಮೀ. ಸೇರಿಸಬೇಕು, ಮೂರು ಇಳಿಸಲು ಸುಮಾರು 28. ಎರಡೂ ವಾಲ್ವ್ ಒಟ್ಟಿಗೆ ಒತ್ತಿದರೆ 46 ಸೆಂ.ಮೀ. ಆಯಿತು. ಆದರೆ ಐದು ಸ್ವರಸ್ಥಾನ ಸರಿಯಾಗಿ ಇಳಿಯಬೇಕಾದರೆ ಬೇಕಾಗುವುದು ಹತ್ತಿರ ಹತ್ತಿರ 50. ಯಾಕೆ? ಮೊದಲ ವಾಲ್ವ್ ಒತ್ತಿದಾಗಲೇ ಕೊಳವೆ ಉದ್ದವಾಗಿದೆ, ಉದ್ದವಾದ ಕೊಳವೆಯನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಲು ಇನ್ನೂ ಜಾಸ್ತಿ ಉದ್ದ ಬೇಕು. ಹೀಗಾಗಿ ಮೂರೂವರೆ ಸೆಂ.ಮೀ.ಯಷ್ಟು ಕೊರತೆ ಬಿದ್ದು ಸ್ವರ ಏರಿ ಕೇಳಿಸುತ್ತದೆ. ಸ್ಲೈಡ್ ಎರಡು ಕಾಲಿನ ಕೊಳವೆ ಆದ್ದರಿಂದ ಅದರ ಅರ್ಧದಷ್ಟು ತಳ್ಳಿದರೆ ಸಾಕು. ಮೂರೂ ವಾಲ್ವ್ ಒತ್ತುವ ಶುದ್ಧ ರಿಷಭಕ್ಕೆ ಇನ್ನೂ ಜಾಸ್ತಿ ತಳ್ಳಬೇಕು. ಇಷ್ಟೂ ಕೆಲಸ ಒಂದು ಸ್ವರದ ಅವಧಿಯಲ್ಲಿ, ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಶುರು ಮಾಡಿದ ಮಕ್ಕಳು ಆ ಬೆರಳನ್ನು ಸುಮ್ನೆ ಬಳೆಯಲ್ಲಿ ಇಟ್ಟುಕೊಂಡಿರುತ್ತಾರೆ. ಕ್ಲಾಸಿನಲ್ಲಿ ಹತ್ತು ಸಲ ಹೇಳಿದರೂ ಮರೆಯುತ್ತಾರೆ. ಸಂಜೆ ಟೀಚರ್ ನುಡಿಸುವಾಗ ಆ ಬೆರಳು ಹೋಗಿ ಬರುವುದನ್ನು ನೋಡಿದವರು ಮರೆಯುವುದು ಕಷ್ಟ.

ಮೂರು ವಾಲ್ವ್ ಬಂದಿದ್ದು ಈಚೆಗೆ. ಜರ್ಮನಿಯ ಸಂಗೀತ ಸಂಯೋಜಕ ಬಾಕ್ ಕಾಲದ, ಅಂದರೆ ಸುಮಾರು ಮುನ್ನೂರು ವರ್ಷ ಹಿಂದಿನ, ಟ್ರಂಪೆಟ್‌ಗೆ ವಾಲ್ವೇ ಇರಲಿಲ್ಲ. ಏಳೆಂಟು ಅಡಿ ಉದ್ದದ ಕೊಳವೆಯನ್ನು ಸುತ್ತಿ ಮಾಡಿದ ವಾದ್ಯ, ಸಿಗುವುದು ಆ ಮೆಟ್ಟಿಲುಗಳ ಸ್ವರಗಳು ಮಾತ್ರ. ಕೆಳಗೆ ರಾಗ ಕಟ್ಟಲು ಆಗುವುದಿಲ್ಲ, ಸ ಪ ಸ ಗ ಪ ಅಂತ ಕಹಳೆಯ ಹಾಗೆ ನುಡಿಸಬಹುದು ಅಷ್ಟೇ. ರಾಗ ಬೇಕಾದರೆ ಮೆಟ್ಟಿಲುಗಳು ಹತ್ತಿರವಿರುವ ಮೇಲಿನ ಸ್ಥಾಯಿಗೇ ಹೋಗಬೇಕು. ಆ ಕಾಲದ ಟ್ರಂಪೆಟ್ ಸಂಗೀತ ಅಷ್ಟು ಎತ್ತರದಲ್ಲಿ ಇರುವುದು ಇದಕ್ಕೇ. ಲೈಪ್‌ಜಿಗ್‌ನಲ್ಲಿ ಬಾಕ್‌ಗೆ ನುಡಿಸುತ್ತಿದ್ದ ಗಾಟ್‌ಫ್ರೀಡ್ ರೈಖೆ ಆ ಎತ್ತರದ ಸ್ಥಾಯಿಯ ದೊಡ್ಡ ವಾದಕ, 1734ರಲ್ಲಿ ತೀರಿಕೊಂಡ. ಆ ಪೀಳಿಗೆಯ ನಂತರ ಆ ಕಲೆ ನಿಧಾನವಾಗಿ ಕಮ್ಮಿಯಾಯಿತು. ಟ್ರಂಪೆಟ್ ಆರ್ಕೆಸ್ಟ್ರಾದ ಹಿಂದಿನ ಸಾಲಿಗೆ ಹೋಗಿ, ಟಿಂಪನಿ ಡ್ರಮ್ಮಿನ ಜೊತೆ ಸ, ಪ ನುಡಿಸುವ ವಾದ್ಯವಾಯಿತು.

ಅಂಥ ಹೊತ್ತಿನಲ್ಲಿ ವಿಯೆನ್ನಾದ ಆಂಟನ್ ವೈಡಿಂಗರ್ ಅನ್ನುವ ವಾದಕ ಕೊಳವೆಗೆ ರಂಧ್ರ ಕೊರೆದು ಮುಚ್ಚಳದಂಥ ಕೀಗಳನ್ನು ಜೋಡಿಸಿದ ಟ್ರಂಪೆಟ್ ಹಿಡಿದ. ಅದಕ್ಕೆಂದೇ ಆಸ್ಟ್ರಿಯಾದ ಸಂಯೋಜಕ ಯೋಸೆಫ್ ಹೇಡನ್ 1796ರಲ್ಲಿ ಒಂದು ಕಾನ್ಚೆರ್ಟೊ, ಅಂದರೆ ಒಬ್ಬ ವಾದಕ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ, ಬರೆದರು. ವೈಡಿಂಗರ್ ಅದನ್ನು ಜನರ ಮುಂದೆ ನುಡಿಸಿದ್ದು 1800ರ ಮಾರ್ಚ್ 28ರಂದು. ಇವತ್ತು ಟ್ರಂಪೆಟ್ ಕಲಿಯುವ ಯಾರೂ ಈ ಕೃತಿಯನ್ನು ದಾಟದೆ ಮುಂದೆ ಹೋಗುವುದಿಲ್ಲ, ಶಿಬಿರದ ಕಛೇರಿಗಳಲ್ಲೂ ಇದು ತುಂಬಾ ಸಲ ಇರುತ್ತದೆ. ಇದರಲ್ಲಿ ಹೇಡನ್ ಮಾಡಿರುವ ಒಂದು ಕೆಲಸ ನನಗೆ ಬಲು ಇಷ್ಟ. ಆರ್ಕೆಸ್ಟ್ರಾದ ಪೀಠಿಕೆಯಲ್ಲಿ ಟ್ರಂಪೆಟ್‌ಗೆ ಕೊಟ್ಟಿರುವುದು ಹಳೆಯ ವಾದ್ಯದಲ್ಲೂ ನುಡಿಸಬಹುದಾದ ಒಂದೆರಡು ಕಹಳೆಯಂಥ ಸ್ವರಗಳು ಮಾತ್ರ. ಕೇಳುಗರು ಇದೂ ಮಾಮೂಲಿ ಟ್ರಂಪೆಟ್ ಅಂದುಕೊಂಡಿರುತ್ತಾರೆ. ಆಮೇಲೆ ನಿಜವಾದ ಸೋಲೊ ಶುರುವಾದಾಗ ಮೊದಲ ಸಾಲಿನಲ್ಲೇ, ಮಧ್ಯ ಸ್ಥಾಯಿಯಲ್ಲೇ, ಸ ರಿ ಗ ಅಂತ ಮೆಲ್ಲಗೆ ಪಕ್ಕಪಕ್ಕದ ಸ್ವರಗಳು. ಆ ಎತ್ತರದಲ್ಲಿ ಮಾಮೂಲಿ ಟ್ರಂಪೆಟ್‌ನಿಂದ ಆಗದಿದ್ದ ಕೆಲಸ ಅದು. ನಮಗೆ ಇವತ್ತು ಅದು ಬರೀ ಮೂರು ಸ್ವರ ಅನ್ನಿಸಬಹುದು, ಅವತ್ತು ಅಲ್ಲಿ ಕೂತಿದ್ದವರಿಗೆ ಎಷ್ಟು ಆಶ್ಚರ್ಯ ಆಗಿರಬೇಕು ಯೋಚಿಸಿ. ಅದೇ ವೈಡಿಂಗರ್‌ಗೆ ಹುಮ್ಮೆಲ್ ಅನ್ನುವ ಇನ್ನೊಬ್ಬ ಸಂಯೋಜಕ ಬರೆದ ಕಾನ್ಚೆರ್ಟೊ 1803ರದು. ಇವತ್ತಿನ ವಾಲ್ವ್ ಹುಟ್ಟಿದ್ದು ಅದಾದ ಮೇಲೆ. ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಅನ್ನುವ ಇಬ್ಬರು ಜರ್ಮನ್ನರು 1818ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕೀ ಇದ್ದ ಟ್ರಂಪೆಟ್ ಮರೆಯಾಯಿತು, ಅದಕ್ಕೆ ಬರೆದ ಸಂಗೀತ ಉಳಿಯಿತು.

ವೇದಿಕೆ ಮೇಲೆ ಒಬ್ಬರ ಹತ್ತಿರವೇ ಮೂರ್ನಾಲ್ಕು ಟ್ರಂಪೆಟ್ ಇರುವುದನ್ನು ನೋಡಿ ಕೆಲವರಿಗೆ ಗೊಂದಲ ಆಗುತ್ತದೆ. ಒಂದೊಂದರ ಉದ್ದ ಬೇರೆ. ಹೇಡನ್‌ಗೆ ಹೆಚ್ಚಾಗಿ ಚಿಕ್ಕದಾದ ಇ ಫ್ಲ್ಯಾಟ್ ತೆಗೆದುಕೊಳ್ಳುತ್ತಾರೆ. ಬಾಕ್ ಕಾಲದ ಎತ್ತರದ ಸಂಗೀತಕ್ಕೆ ಪಿಕೊಲೊ, ಅದರ ಕೊಳವೆ ಮಾಮೂಲಿನ ಅರ್ಧ, ವಾಲ್ವ್ ಸಾಮಾನ್ಯವಾಗಿ ನಾಲ್ಕು.

ಇನ್ನು ಕಛೇರಿಯನ್ನು ಒಬ್ಬರೇ ಯಾಕೆ ನಡೆಸುವುದಿಲ್ಲ? ಐದಾರು ಜನ ಟೀಚರ್‌ಗಳು ಒಬ್ಬೊಬ್ಬರಾಗಿ ಬಂದು ಒಂದೊಂದು ಕೃತಿ ನುಡಿಸಿ ಹೋಗುತ್ತಾರೆ. ಪಿಯಾನೊ ನುಡಿಸುವವರು ಮಾತ್ರ ಇಡೀ ಸಂಜೆ ಎದ್ದೇಳುವುದಿಲ್ಲ, ಅವರಿಗೆ ಚಪ್ಪಾಳೆ ಸ್ವಲ್ಪ ಜಾಸ್ತಿಯೇ ಸಲ್ಲಬೇಕು. ಕಾರಣ ಇರುವುದು ತುಟಿಯಲ್ಲಿ. ಬಿ ಫ್ಲ್ಯಾಟ್ ಟ್ರಂಪೆಟ್‌ನ ಹೈ ಸಿ ಅನ್ನುವ ತಾರ ಸ ನುಡಿಸುವಾಗ ತುಟಿ ಸೆಕೆಂಡಿಗೆ 930ಕ್ಕೂ ಜಾಸ್ತಿ ಸಲ ಕಂಪಿಸುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡವೂ ಹೆಚ್ಚಬೇಕು, ಮೌತ್‌ಪೀಸ್ ತುಟಿಯನ್ನು ಒತ್ತಿ ರಕ್ತ ಓಡಾಟ ಕಮ್ಮಿಯಾಗುತ್ತದೆ. ಪಿಟೀಲಿನವರ ಹಾಗೆ ಎರಡು ಎರಡೂವರೆ ಗಂಟೆ ಬಿಡದೆ ನುಡಿಸುವುದು ಈ ವಾದ್ಯದಲ್ಲಿ ಸಾಧ್ಯವಿಲ್ಲ. ಅದರ ಮೇಲೆ ಇವರೆಲ್ಲ ಬೆಳಿಗ್ಗೆ ಒಂಬತ್ತರಿಂದ ಪಾಠ ಹೇಳಿದವರು. ಟ್ರಂಪೆಟ್ ಪಾಠ ಬಾಯಲ್ಲಿ ಹೇಳಿ ಮುಗಿಯುವುದಿಲ್ಲ, "ಹೀಗೆ" ಅಂತ ನುಡಿಸಿ ತೋರಿಸಲೇಬೇಕು. ಹೀಗೆ ದಿನವೆಲ್ಲ ದುಡಿದ ತುಟಿಯಲ್ಲೇ ಸಂಜೆ ಹೇಡನ್, ಇಪ್ಪತ್ತನೆಯ ಶತಮಾನದ ಜರ್ಮನ್ ಸಂಯೋಜಕ ಹಿಂಡೆಮಿತ್ ಇವರ ಕೃತಿಗಳನ್ನು ನುಡಿಸುತ್ತಾರೆ. ಇದು ಗೊತ್ತಿದ್ದು ಕೇಳಿದರೆ ಅವರ ಮೇಲಿನ ಗೌರವ ದೊಡ್ಡದಾಗುತ್ತದೆ.

ಮಧ್ಯೆ ಮಧ್ಯೆ ಅವರು ವಾದ್ಯದ ಕೆಳಗಿರುವ ಸಣ್ಣ ವಾಟರ್ ಕೀ ಒತ್ತಿ, ಶಬ್ದ ಬರದ ಹಾಗೆ ಊದಿ ನೀರು ಬಿಡುವುದು ಕಾಣಿಸುತ್ತದೆ. ಎಂಜಲು ಅಂದುಕೊಂಡು ಮುಖ ಸಿಂಡರಿಸುವವರಿದ್ದಾರೆ. ಅದರಲ್ಲಿ ಹೆಚ್ಚಿನದು ಉಸಿರಿನ ಆವಿ ತಣ್ಣನೆಯ ಹಿತ್ತಾಳೆಗೆ ತಾಗಿ ನೀರಾದದ್ದು. ಬಿಡದಿದ್ದರೆ ಸ್ವರದೊಳಗೆ ಗುಳುಗುಳು ಸದ್ದು ಬರುತ್ತದೆ. ಹಾಗೆಯೇ ತಮ್ಮ ಸರದಿ ಬರುವ ಮುಂಚೆ ವಾದ್ಯದೊಳಗೆ ಬೆಚ್ಚಗೆ ಸುಮ್ನೆ ಊದುತ್ತಾ ನಿಂತಿರುತ್ತಾರೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ, ಹಾಗಾಗಿ ಕೊಳವೆಯೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಶ್ರುತಿ ಒಂದು ಸ್ವರಸ್ಥಾನದ ಸುಮಾರು ಮೂರನೇ ಒಂದು ಭಾಗ ಏರಿಬಿಡುತ್ತದೆ. ಪಿಯಾನೊ ಹಾಗೆ ಏರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರಿದ ಹಾಲ್, ಆಮೇಲೆ ಸಂಜೆ ಒಂದು ಮಳೆ ಬಿದ್ದು ಕಿಟಕಿಯಿಂದ ತಣ್ಣಗೆ ಗಾಳಿ, ಇಲ್ಲಾ ಎದುರಿಗೇ ಬೀಸುವ ಎ.ಸಿ. ಬೆಂಗಳೂರಿನ ಬೇಸಿಗೆಯಲ್ಲಿ ಇದನ್ನೆಲ್ಲ ಕಿವಿಯಿಂದಲೇ ಸರಿಮಾಡಿಕೊಳ್ಳುತ್ತಾ ನುಡಿಸಬೇಕು. ಕೃತಿಗಳ ಮಧ್ಯೆ ಮುಖ್ಯ ಸ್ಲೈಡ್ ಅನ್ನು ಕೂದಲೆಳೆಯಷ್ಟು ಎಳೆಯುವುದನ್ನು ಗಮನಿಸಿ.

ಒಮ್ಮೊಮ್ಮೆ ಸ್ವರ ಒಡೆಯುತ್ತದೆ. ದೊಡ್ಡ ದೊಡ್ಡ ವಾದಕರಿಗೂ ಒಡೆಯುತ್ತದೆ. ಮೇಲಿನ ಸ್ಥಾಯಿಯಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿವೆ ಅಂದೆನಲ್ಲ, ಅಲ್ಲಿ ಬೆರಳು ಅದೇ ಇದ್ದರೂ ತುಟಿ ಒಂದಿಷ್ಟು ಆಚೀಚೆ ಆದರೆ ಪಕ್ಕದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಗುತ್ತದೆ. ಮಕ್ಕಳು ಇದನ್ನು ಎದುರಿಗೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿದ್ದಿ ಹಾಕಿದ ವಿಡಿಯೊಗಳಲ್ಲಿ ಒಡೆದ ಸ್ವರ ಕಾಣಿಸುವುದೇ ಇಲ್ಲ, ಹಾಗಾಗಿ ತನಗೊಬ್ಬನಿಗೇ ಹೀಗಾಗುತ್ತದೆ ಅಂತ ಮಗು ಕುಗ್ಗುತ್ತದೆ. ಟೀಚರ್ ಸ್ವರ ಒಡೆದ ಮರುಕ್ಷಣ ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಮುಂದಿನ ಸಾಲಿಗೆ ನಿಧಾನವಾಗಿ ಉಸಿರು ತೆಗೆದುಕೊಳ್ಳುತ್ತಾರಲ್ಲ, ಅದನ್ನು ಕ್ಲಾಸಿನಲ್ಲಿ ಹೇಳಿಕೊಡಲು ಆಗುವುದಿಲ್ಲ.

ವೇಗದ ಭಾಗಗಳಲ್ಲಿ ನಾಲಿಗೆ ಕೆಲಸ ಕೇಳಿ. ಪ್ರತಿ ಸ್ವರವನ್ನೂ ನಾಲಿಗೆಯ ತುದಿಯಿಂದ ತು ತು ಅಂತ ಬಿಡಿಸುವುದು ಮಾಮೂಲು. ತುಂಬಾ ವೇಗವಾದಾಗ ತುದಿ ಮತ್ತು ಹಿಂಭಾಗ ಸರದಿಯಲ್ಲಿ: ತುಕು ತುಕು, ಮೂರರ ನಡೆಯಾದರೆ ತುತುಕು ತುತುಕು. ನಾಗಸ್ವರದ ತುತ್ತುಕಾರ ಕೇಳಿದವರಿಗೆ ಇದು ಕೂಡಲೇ ಹಿಡಿಯುತ್ತದೆ. ಕೊನ್ನಕ್ಕೋಲ್ ಗೊತ್ತಿರುವ ನಮ್ಮ ಮಕ್ಕಳು ಇದನ್ನು ಬೇಗ ಕಲಿಯುವುದನ್ನು ನೋಡಿದ್ದೇನೆ, ಜತಿ ಹೇಳಿ ಹೇಳಿ ನಾಲಿಗೆ ಆಗಲೇ ಹದವಾಗಿರುತ್ತದೆ. ಫ್ರಾನ್ಸಿನ ಆರ್ಬನ್ 1864ರಲ್ಲಿ ಪ್ರಕಟಿಸಿದ ಅಭ್ಯಾಸದ ಪುಸ್ತಕ ಇವತ್ತಿಗೂ ಪ್ರತಿ ವಿದ್ಯಾರ್ಥಿಯ ಚೀಲದಲ್ಲಿ ಇರುತ್ತದೆ, ಈ ತುತುಕುವಿಗೆ ಅದರಲ್ಲಿ ಪುಟಗಟ್ಟಲೆ ಪಾಠ.

ಕೊನೆಗೆ ಎಲ್ಲ ಟೀಚರ್‌ಗಳೂ ಒಟ್ಟಿಗೆ ಬರುತ್ತಾರೆ. ಇದಕ್ಕೆ ಹೇಳಿ ಮಾಡಿಸಿದ ಒಂದು ಕೃತಿ ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ 1959ರಲ್ಲಿ ಸೇಂಟ್ ಎಡ್ಮಂಡ್ಸ್‌ಬರಿಗಾಗಿ ಬರೆದ ಫ್ಯಾನ್‌ಫೇರ್, ಅಂದರೆ ಸಮಾರಂಭದ ಕಹಳೆ ಸಂಗೀತ. ಮೂರು ಟ್ರಂಪೆಟ್‌ಗಳು ದೂರ ದೂರ ನಿಲ್ಲುತ್ತವೆ. ಒಬ್ಬರು ತಮ್ಮ ಶ್ರುತಿಯಲ್ಲಿ ತಮ್ಮ ಸಾಲು ನುಡಿಸುತ್ತಾರೆ. ಎರಡನೆಯವರು ಬೇರೆ ಶ್ರುತಿಯಲ್ಲಿ ಬೇರೆ ಸಾಲು, ಮೂರನೆಯವರು ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆಮೇಲೆ ಮೂವರೂ ಅದೇ ಸಾಲುಗಳನ್ನು ಒಟ್ಟಿಗೆ ನುಡಿಸುತ್ತಾರೆ, ಎಲ್ಲವೂ ಒಂದರೊಳಗೊಂದು ಕೂತುಕೊಳ್ಳುತ್ತವೆ. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಗುರುಗಳ ಹತ್ತಿರ ಕಲಿತವರು ಹೀಗೆ ನಿಂತಾಗ ಒಬ್ಬೊಬ್ಬರ ನಾದದ ವ್ಯತ್ಯಾಸವೂ ಚೆನ್ನಾಗಿ ಗೊತ್ತಾಗುತ್ತದೆ. ಒಬ್ಬರದು ಹೊಳಪು, ಇನ್ನೊಬ್ಬರದು ದುಂಡಗೆ, ಮತ್ತೊಬ್ಬರದು ಸ್ವಲ್ಪ ಕತ್ತಲು ಬಣ್ಣ. ಇದರಲ್ಲಿ ಯಾವುದು ಸರಿ ಅಂತ ಕೇಳುವ ಮಕ್ಕಳಿಗೆ, ನಿನಗೆ ಯಾವುದು ಬೇಕು ಅಂತ ಕೇಳಿ.

ಹೋಗುವವರಿಗೆ ಒಂದೆರಡು ಮಾತು. ಮುಂದಿನ ಸಾಲಿನ ನಡುವೆ ಕೂರಬೇಡಿ. ಟ್ರಂಪೆಟ್‌ನ ಎತ್ತರದ, ಚೂಪಾದ ಅಂಶಗಳೆಲ್ಲ ಬೆಲ್, ಅಂದರೆ ವಾದ್ಯದ ಅಗಲವಾದ ಬಾಯಿ, ನೋಡುವ ದಿಕ್ಕಿಗೇ ನೇರ ಹೋಗುತ್ತವೆ, ಸ್ವಲ್ಪ ಪಕ್ಕಕ್ಕೆ, ನಾಲ್ಕೈದು ಸಾಲು ಹಿಂದೆ ಕೂತರೆ ನಾದ ದುಂಡಾಗಿ ಕೇಳಿಸುತ್ತದೆ. ಭಾಗಗಳ ಮಧ್ಯೆ ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಒದ್ದಾಡಬೇಡಿ, ವಾದಕರು ವಾದ್ಯ ಕೆಳಗಿಳಿಸಿ ನಿಮ್ಮ ಕಡೆ ನೋಡಿದಾಗ ತಟ್ಟಿದರೆ ಸಾಕು. ಮುಂಚೆ ಮನೆಯಲ್ಲಿ ಕೇಳಿಕೊಂಡು ಹೋಗುವುದಾದರೆ ಫ್ರಾನ್ಸಿನ ಮೋರಿಸ್ ಆಂದ್ರೆ ನುಡಿಸಿರುವ ಹೇಡನ್ ಹುಡುಕಿ, ಜೊತೆಗೆ ಅಮೆರಿಕದ ವಿಂಟನ್ ಮಾರ್ಸಾಲಿಸ್ ಅವರದನ್ನೂ ಕೇಳಿ. ಹೇಡನ್, ಹುಮ್ಮೆಲ್ ಇರುವ ಆ ಆಲ್ಬಂಗೆ 1984ರಲ್ಲಿ ಅವರಿಗೆ ಗ್ರ್ಯಾಮಿ ಬಂತು, ಅದೇ ಸಮಾರಂಭದಲ್ಲಿ ಜಾಝ್ ವಿಭಾಗದಲ್ಲೂ ಬಂತು. ಒಂದೇ ಕೃತಿ, ಇಬ್ಬರ ನಾದ. ಮೊದಲು ಸೋಲೊ ಶುರುವಾಗುವ ಆ ಮೂರು ಸ್ವರಗಳನ್ನು ಇಬ್ಬರದರಲ್ಲೂ ಕೇಳಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಕೇಳಬಹುದು. ಕಛೇರಿ ಮುಗಿದ ಮೇಲೆ ಟೀಚರ್‌ಗಳು ಹೆಚ್ಚಾಗಿ ಅಲ್ಲೇ ಇರುತ್ತಾರೆ, ವಾದ್ಯ ಒರೆಸುತ್ತಾ, ಪೆಟ್ಟಿಗೆಗೆ ಇಡುತ್ತಾ. ಮಗುವನ್ನು ಕರೆದುಕೊಂಡು ಹೋಗಿ ಮಾತಾಡಿಸಿ. ಬರೀ ಮೌತ್‌ಪೀಸ್‌ನಲ್ಲಿ ಒಂದು ಸಾಲು ನುಡಿಸಿ ತೋರಿಸಿ ಅಂದರೆ ಖುಷಿಯಿಂದ ತೋರಿಸುತ್ತಾರೆ, ಕೊಳವೆಯೇ ಇಲ್ಲದೆ ತುಟಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಆಗ ಕಣ್ಣೆದುರೇ ಗೊತ್ತಾಗುತ್ತದೆ.